ದಂಡು ಯಾರ ದಂಡು? – ಇತಿಹಾಸದ ಪುನರಾವರ್ತನೆಯನ್ನು ಕುರಿತು ಒಂದು ವಿಚಾರ

ವಿದ್ಯಾದಾನದ ಹಿರಿಮೆಯನ್ನು ಕುರಿತು ಇಂಥ ಸ್ಮರಣ ಸಂಚಿಕೆಗಳಲ್ಲಿ ಬರೆಯುವವರು ಬಹುಮಂದಿ. ದಾನವಾಗಿ ಬಂದ ಆ ವಿದ್ಯೆಯನ್ನು ವಿದ್ಯಾರ್ಥಿಯು ಪರೀಕ್ಷೆಯ ಹಿಂದಿನ ವಾರಗಳಲ್ಲಿ ಏನು ಮಾಡುತ್ತಾನೆಂಬುದನ್ನು ಕುರಿತು ಬರೆಯುವವರು ವಿರಳ. ವಿಷಯವು ಅಷ್ಟೇನೂ ಘನವಾದುದಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಆದರೆ ವಿದ್ಯೆಯೆಂದರೆ ಏನೆಂದು ಒಂದು ಶಾಲೆಯು ಮನಸಾರೆ ನಂಬಿದೆಯೋ ಅದು ವಾರ್ಷಿಕೋತ್ಸವದ ಭಾಷಣಗಳಿಂದ ತಿಳಿಯುವುದಿಲ್ಲ; ಜನವರಿಯಿಂದ ಮಾರ್ಚ್‌ವರೆಗೆ ಅದರ ಹತ್ತನೆಯ ತರಗತಿಯ ಕೊಠಡಿಯಲ್ಲಿ ನಡೆಯುವ ಪುನರಾವರ್ತನೆಯಿಂದ ತಿಳಿಯುತ್ತದೆ. ನನ್ನ ವೃತ್ತಿಜೀವನವೆಲ್ಲ ಇತಿಹಾಸ ಬೋಧನೆಯಲ್ಲೇ ಕಳೆದುದರಿಂದ ಆಧುನಿಕ ಇತಿಹಾಸದ ಪುನರಾವರ್ತನೆಯೊಂದಕ್ಕೇ ಈ ಲೇಖನವನ್ನು ಸೀಮಿತಗೊಳಿಸುತ್ತೇನೆ.

ರಾಮಮೂರ್ತಿ ನಗರದಲ್ಲಿ ನಾನು ವಾಸಿಸುವ ಬೀದಿಯ ಬಾಲಕನೊಬ್ಬನು ಒಂದು ವರ್ಷ ಪರೀಕ್ಷೆಯ ದಿನಗಳಲ್ಲಿ ಸಂಜೆಯ ಹೊತ್ತು ನನ್ನ ಬಳಿ ಓದಲು ಬರುತ್ತಿದ್ದನು. ತಂದೆ ಕಲಬುರಗಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆಸಿದವರು. ಆ ಮನೆಯಲ್ಲಿ ಹತ್ತನೆಯ ತರಗತಿಯ ಮೆಟ್ಟಿಲೇರಿದವನು ಇವನೇ ಮೊದಲಿಗ. ಒಂದು ದಿನ ಅವನು ಲಾರ್ಡ್ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳನ್ನು ಒಂದು ಅಕ್ಷರವೂ ಜಾರದಂತೆ ಒಪ್ಪಿಸಿದನು. ದೇಶೀಯ ಅರಸನು ತನ್ನ ರಾಜ್ಯದಲ್ಲಿ ಬ್ರಿಟಿಷ್ ಸೈನ್ಯವನ್ನು ಇರಿಸಿಕೊಳ್ಳಬೇಕು. ಅದರ ವೆಚ್ಚವನ್ನು ತಾನೇ ಭರಿಸಬೇಕು. ಆಸ್ಥಾನದಲ್ಲಿ ರೆಸಿಡೆಂಟನನ್ನು ಇಟ್ಟುಕೊಳ್ಳಬೇಕು. ಕಂಪನಿಯ ಅನುಮತಿಯಿಲ್ಲದೆ ಯುದ್ಧವನ್ನಾಗಲಿ ಸಂಧಿಯನ್ನಾಗಲಿ ಮಾಡಬಾರದು. ಉತ್ತರ ಪೂರ್ಣವಾಗಿತ್ತು; ಯಾವ ಮೌಲ್ಯಮಾಪಕರೂ ಒಂದು ಅಂಕವನ್ನೂ ಕಡಿಯುವಂತಿರಲಿಲ್ಲ.

ನಾನು ಮಾತು ಬದಲಿಸಿ, "ಊರಿಗೆ ಹೋಗುವಾಗ ಯಾವ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತೀಯಪ್ಪ?" ಎಂದು ಕೇಳಿದೆ.

"ದಂಡು ಸ್ಟೇಷನ್ನು, ಸರ್."

"ದಂಡು ಎಂದರೇನು?"

"ಆ ಸ್ಟೇಷನ್ನಿನ ಹೆಸರು, ಸರ್. ಬೋರ್ಡಿನ ಮೇಲೆ ಬೆಂಗಳೂರು ದಂಡು ಅಂತ ಬರೆದಿದೆ."

"ಅದು ಯಾರ ದಂಡು?"

ಬಾಲಕನು ಮೌನವಾದನು. ದಂಡು ಎಂದರೆ ಸೈನ್ಯವೆಂಬುದು ಅವನಿಗೆ ತಿಳಿಯದ ಮಾತಲ್ಲ. ಅವನ ಊರಿನ ಕಡೆಯ ಲಾವಣಿಗಳಲ್ಲಿ ದಂಡು ಬರುತ್ತದೆ, ದಾಳಿಯಿಡುತ್ತದೆ. ಆದರೆ ಐದು ನಿಮಿಷ ಮೊದಲು ತಾನೇ ಒಪ್ಪಿಸಿದ ಆ ಸಹಾಯಕ ಸೈನ್ಯವೇ ಈ ದಂಡು ಎಂಬುದು ಅವನಿಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಯಾರೂ ಅವನಿಗೆ ಹೇಳಿಯೂ ಇರಲಿಲ್ಲ. ಪಾಠವು ಪುಸ್ತಕದಲ್ಲಿತ್ತು, ಊರು ಬೀದಿಯಲ್ಲಿತ್ತು, ನಡುವೆ ಸೇತುವೆಯಿರಲಿಲ್ಲ.

ಇದು ಆ ಬಾಲಕನ ದೋಷವಲ್ಲ. ಅವನ ಅಧ್ಯಾಪಕರ ದೋಷವೆಂದು ಹೇಳುವುದೂ ನ್ಯಾಯವಲ್ಲ. ಇಂದಿನ ಪುನರಾವರ್ತನೆಯ ಕ್ರಮವನ್ನು ಬಲ್ಲವರಿಗೆ ಇದರ ಮೂಲ ತಿಳಿದೇ ಇದೆ. ಪೂರ್ವಸಿದ್ಧತಾ ಪರೀಕ್ಷೆಯ ಫಲಿತಾಂಶ ಬಂದೊಡನೆ ತರಗತಿಯನ್ನು ಗುಂಪುಗಳಾಗಿ ಒಡೆಯುವುದುಂಟು. ಮುಂದಿರುವವರಿಗೆ ಪ್ರಶ್ನೆಕೋಠಿ, ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್. ನೀಲನಕ್ಷೆಯನ್ನು ಮುಂದಿಟ್ಟುಕೊಂಡು ಯಾವ ಅಧ್ಯಾಯದಿಂದ ಎಷ್ಟು ಅಂಕ ಬರಬಹುದೆಂದು ಎಣಿಸಿ, ಉಳಿದುದನ್ನು ಬಿಡಿಸುವುದೇ ಈ ಪ್ಯಾಕೇಜಿನ ತಂತ್ರ. ಸಮಾಜ ವಿಜ್ಞಾನದ ಲಿಖಿತ ಪರೀಕ್ಷೆಗೆ 80 ಅಂಕಗಳು, ಆಂತರಿಕ ಮೌಲ್ಯಮಾಪನಕ್ಕೆ 20. ಆ 80 ಅಂಕಗಳೊಳಗೆ ಇತಿಹಾಸವು ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನಗಳೊಡನೆ ಸ್ಥಳ ಹಂಚಿಕೊಂಡಿದೆ. ಇತಿಹಾಸದ ಅಧ್ಯಾಯಗಳು ಉದ್ದವಾದವು, ಹೆಸರು ಇಸವಿಗಳಿಂದ ತುಂಬಿದವು. ಆದುದರಿಂದ ಕತ್ತರಿ ಮೊದಲು ಬೀಳುವುದು ಅದರ ಮೇಲೆಯೇ. ಉಳಿಯುವುದು ಹತ್ತು ಹದಿನೈದು ಒಂಟಿ ಉತ್ತರಗಳು. ಕಾರಣವಿಲ್ಲದ ಘಟನೆಗಳು, ಪರಿಣಾಮವಿಲ್ಲದ ಇಸವಿಗಳು.

ಈ ಪದ್ಧತಿಯ ಹಿಂದೆ ಕರುಣೆಯೂ ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಉತ್ತೀರ್ಣನಾಗದ ಬಡ ಬಾಲಕನಿಗೆ ಮುಂದಿನ ಬಾಗಿಲು ಮುಚ್ಚುತ್ತದೆ. ಬಾಲಕಿಯಾದರೆ ಶಾಲೆಯ ಮೆಟ್ಟಿಲು ಮತ್ತೆ ಹತ್ತದೆ ಹೋಗುವ ಸಂಭವವೇ ಹೆಚ್ಚು. 2023–24ನೆಯ ಸಾಲಿನಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ದೊರೆತದ್ದು ಸಮಾಧಾನಕರವಾಗಿತ್ತು; ಆದರೂ ಭಯವು ತೊಲಗಿಲ್ಲ. ಅಧ್ಯಾಪಕರ ತಲೆಯ ಮೇಲೆಯೂ ಶೇಕಡಾವಾರು ಫಲಿತಾಂಶವೆಂಬ ಕತ್ತಿ ತೂಗುತ್ತಿರುತ್ತದೆ. ಅದನ್ನು ತೂಗುಹಾಕಿದವರಲ್ಲಿ ನಾವೂ ಇದ್ದೇವೆ. ದಾನಿಗಳು ಶಾಲೆಗೆ ಬಂದಾಗ ಮೊದಲು ಕೇಳುವುದು ಏನು? ಹಳೆಯ ವಿದ್ಯಾರ್ಥಿಗಳು ಹೆಮ್ಮೆಯಿಂದ ಹೇಳಿಕೊಳ್ಳುವುದು ಏನು? ಈ ವರ್ಷ ಶೇಕಡಾ ಎಷ್ಟು ಎಂಬುದನ್ನಲ್ಲವೇ?

ಶೇಕಡಾವಾರು ಲೆಕ್ಕವೊಂದೇ ವಿದ್ಯೆಯ ಅಳತೆಯಲ್ಲವೆಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಕೊರೋನಾ ಪಿಡುಗಿನ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಎರಡೇ ದಿನಗಳಲ್ಲಿ, ಪ್ರತಿ ವಿಷಯಕ್ಕೆ 40 ಅಂಕಗಳ ಬಹು ಆಯ್ಕೆಯ ಪ್ರಶ್ನೆಗಳಿಂದ ಮುಗಿಸಲಾಯಿತು. ಬಹುಮಟ್ಟಿಗೆ ಎಲ್ಲರೂ ಉತ್ತೀರ್ಣರಾದರು. ಆಗಿನ ಪರಿಸ್ಥಿತಿಯಲ್ಲಿ ಅದು ಸರಿಯಾದ ನಿರ್ಧಾರವೇ. ಆದರೆ ಆ ವರ್ಷ ನಾಡಿನ ಮಕ್ಕಳೆಲ್ಲರೂ ಇತಿಹಾಸವನ್ನು ಎಂದಿಗಿಂತಲೂ ಚೆನ್ನಾಗಿ ಅರಿತರೆಂದು ಹೇಳಬಲ್ಲವರು ಯಾರು?

ಮಠದ ಶಾಲೆಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ದಾಸೋಹದ ಪಂಕ್ತಿಯಲ್ಲಿ ಸಿರಿವಂತನ ಮಗನಿಗೊಂದು ಅಡಿಗೆ, ಕೂಲಿಯವನ ಮಗನಿಗೊಂದು ಅಡಿಗೆ ಎಂಬುದಿಲ್ಲ. ಪಂಕ್ತಿಭೇದವನ್ನು ಶರಣರು ಒಪ್ಪಲಿಲ್ಲ. ಅನ್ನದಲ್ಲಿ ಒಪ್ಪದ ಭೇದವನ್ನು ನಾವು ಅರಿವಿನಲ್ಲಿ ಒಪ್ಪಬಹುದೇ? ಮನೆಯಲ್ಲಿ ಪುಸ್ತಕಗಳಿರುವ ಮಗುವು ಇತಿಹಾಸದ ಕಾರ್ಯಕಾರಣಗಳನ್ನು ತಂದೆತಾಯಿಗಳ ಮಾತಿನಿಂದಲೋ ಊಟದ ಹೊತ್ತಿನ ಚರ್ಚೆಯಿಂದಲೋ ತಿಳಿದುಕೊಳ್ಳುತ್ತದೆ. ಗಾರೆ ಕೆಲಸದವನ ಮಗುವಿಗೆ ಶಾಲೆಯೊಂದೇ ಗತಿ. ಆ ಶಾಲೆಯೇ ಅದನ್ನು ಬೇರೆ ಸಾಲಿನಲ್ಲಿ ಕುಳ್ಳಿರಿಸಿ, ಇಷ್ಟು ಸಾಕು ನಿನಗೆ ಎಂದು ಹದಿನೈದು ಉತ್ತರಗಳನ್ನು ಎಲೆಯ ಮೂಲೆಗೆ ಬಡಿಸಿದರೆ, ಅದು ಪಂಕ್ತಿಭೇದವಲ್ಲದೆ ಮತ್ತೇನು?

ಇತಿಹಾಸವನ್ನು ಅರಿತು ಓದಲು ಕಾಲ ಸಾಲದೆಂದು ಹೇಳುವುದುಂಟು. ಅರಿವೇ ಕಾಲವನ್ನು ಉಳಿಸುತ್ತದೆಂಬುದು ನನ್ನ ಅನುಭವ. ಆ ಬಾಲಕನೊಡನೆ ನಡೆದ ಮಾತನ್ನೇ ಮುಂದುವರಿಸಿ ಇದನ್ನು ವಿವರಿಸುತ್ತೇನೆ.

ನಮ್ಮ ಬಡಾವಣೆಯ ಸಮೀಪದಲ್ಲೇ ಹಳೆಯ ಮದ್ರಾಸು ರಸ್ತೆ ಹಾದುಹೋಗುತ್ತದೆ. 1791ರಲ್ಲಿ, ಮೂರನೆಯ ಆಂಗ್ಲೋ–ಮೈಸೂರು ಯುದ್ಧದ ಕಾಲದಲ್ಲಿ, ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳನ್ನು ಹಾದು ಈ ಪೂರ್ವ ದಿಕ್ಕಿನಿಂದಲೇ ಬೆಂಗಳೂರಿಗೆ ಬಂದಿತು. ಮಾರ್ಚ್ 7ರಂದು ಪೇಟೆಯು, ಮಾರ್ಚ್ 21ರಂದು ಕೋಟೆಯು ಅವನ ವಶವಾದವು. ಎಂಟು ವರ್ಷಗಳ ತರುವಾಯ, 1799ರ ಮೇ 4ರಂದು, ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ ಕಂಪನಿಯು ಅದೇ ವರ್ಷ ಮೈಸೂರಿನೊಡನೆ ಸಹಾಯಕ ಸೈನ್ಯದ ಒಪ್ಪಂದವನ್ನು ಮಾಡಿಕೊಂಡಿತು. ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕಾಯಿತು. ಆ ಹಣದಿಂದ ನಡೆಯುವ ಸೈನ್ಯವು ಮೊದಲು ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿನ ಹವೆ ಸೈನಿಕರಿಗೆ ಒಗ್ಗದೆ ರೋಗರುಜಿನಗಳು ಹೆಚ್ಚಿದುದರಿಂದ 1809ರಲ್ಲಿ ಅದನ್ನು ಬೆಂಗಳೂರಿಗೆ ಸಾಗಿಸಿ, ಹಲಸೂರಿನ ಸುತ್ತಲಿನ ಎತ್ತರದ ಬಯಲಿನಲ್ಲಿ ನೆಲೆಗೊಳಿಸಿದರು. ಜನರು ಅದನ್ನು ದಂಡು ಎಂದು ಕರೆದರು. ಪರದೇಶದ ಅಪ್ಪಣೆಯಿಂದ, ನಮ್ಮ ರೈತನ ಕಂದಾಯದಿಂದ ನಿಂತ ದಂಡು ಅದು.

ಇಷ್ಟನ್ನು ಹೇಳಿದಾಗ ಬಾಲಕನು, "ಹಾಗಾದರೆ ಎರಡನೆಯ ಷರತ್ತು ಇದೇ ಅಲ್ಲವೇ, ಸರ್?" ಎಂದನು. ಅದೇ ಎಂದೆ. ಆ ಷರತ್ತನ್ನು ಅವನು ಮತ್ತೆ ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

ಒಂದು ಎಳೆ ಕೈಗೆ ಸಿಕ್ಕಿದರೆ ಉಳಿದವು ತಾವಾಗಿಯೇ ಬರುತ್ತವೆ. ತೆರಬೇಕಾದ ಹಣವು ಹೆಚ್ಚಿದಂತೆ ಕಂದಾಯ ವಸೂಲಿಯ ಬಿಗಿಯೂ ಹೆಚ್ಚುತ್ತದೆ. ಆಡಳಿತದ ಲೋಪಗಳೂ ಅದಕ್ಕೆ ಸೇರಿದಾಗ ರೈತನು ತಿರುಗಿ ಬೀಳುತ್ತಾನೆ; 1830–31ರ ನಗರ ದಂಗೆಯ ಒಂದು ಮುಖ್ಯ ಕಾರಣ ಇಲ್ಲಿದೆ. ಆ ದಂಗೆಯನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಳ್ಳುತ್ತಾರೆ. ಕಮಿಷನರರ ಆಳ್ವಿಕೆ ಬರುತ್ತದೆ. ಮಾರ್ಕ್ ಕಬ್ಬನ್ ಬರುತ್ತಾನೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬರುತ್ತದೆ. ಆ ರೈಲು ಮೊದಲು ಬಂದು ನಿಂತದ್ದು ಎಲ್ಲಿ? ಪೇಟೆಯಲ್ಲಲ್ಲ, ದಂಡಿನಲ್ಲಿ. ಬ್ರಿಟಿಷರು ರೈಲುಮಾರ್ಗಗಳನ್ನು ಏಕೆ ನಿರ್ಮಿಸಿದರೆಂಬ ಪ್ರಶ್ನೆಗೆ ಸೈನ್ಯದ ಸಾಗಣೆ, ವ್ಯಾಪಾರದ ಅನುಕೂಲ ಎಂದು ಗೈಡಿನಲ್ಲಿ ಎರಡು ಸಾಲುಗಳಿರುತ್ತವೆ. ಆ ಎರಡು ಸಾಲುಗಳಿಗೆ ಸಾಕ್ಷಿಯಾಗಿ ನಿಲ್ದಾಣವೊಂದು ನಮ್ಮ ಕಣ್ಣೆದುರಿಗೇ ಇದೆ.

1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡಿನ ಪ್ರದೇಶವನ್ನು ಬ್ರಿಟಿಷರು ಬಿಟ್ಟುಕೊಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಅದು ರೆಸಿಡೆಂಟನ ಅಧೀನದಲ್ಲಿಯೇ ಉಳಿಯಿತು. ಒಂದೇ ಊರಿನಲ್ಲಿ ಎರಡು ಆಡಳಿತಗಳು, ಎರಡು ಪುರಸಭೆಗಳು. 1947ರಲ್ಲಿ ಆ ಪ್ರದೇಶ ಮೈಸೂರಿಗೆ ಮರಳಿತು. 1948ರಲ್ಲಿ ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಒಂದುಗೂಡಿ ನಗರ ಕಾರ್ಪೊರೇಷನ್ ಆಯಿತು. 1948ರಲ್ಲಿಯೇ ನಮ್ಮ ಪಕ್ಕದ ದೂರವಾಣಿ ನಗರದ ಭಾಗದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಲೆಯೆತ್ತಿತು. ಸ್ವಾತಂತ್ರ್ಯೋತ್ತರ ಭಾರತವೆಂಬ ಅಧ್ಯಾಯದಲ್ಲಿ ಬರುವ ಸಾರ್ವಜನಿಕ ಉದ್ದಿಮೆಯೆಂಬ ಪದವು ಈ ಭಾಗದ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಪದ. ಹೀಗೆ ಒಂದು ದಾರಿ, ಒಂದು ನಿಲ್ದಾಣ, ಒಂದು ಕಾರ್ಖಾನೆ ಇವುಗಳಿಂದಲೇ ಆಧುನಿಕ ಇತಿಹಾಸದ ಅರ್ಧ ಪುಸ್ತಕವು ಪುನರಾವರ್ತನೆಯಾಗುತ್ತದೆ.

ಇಸವಿಗಳು ಬೇಡವೆಂದು ನಾನು ಹೇಳುತ್ತಿಲ್ಲ. ಇಸವಿಯಿಲ್ಲದ ಇತಿಹಾಸವು ಬೆನ್ನೆಲುಬಿಲ್ಲದ ದೇಹದಂತೆ. ಆದರೆ ಇಸವಿಯ ಉಪಯೋಗವು ಅಂಕಿಯಲ್ಲಿಲ್ಲ, ಅನುಕ್ರಮದಲ್ಲಿದೆ. ಕಿತ್ತೂರಿನ ಪ್ರಸಂಗವನ್ನು ನೋಡಿರಿ. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯ ಮಾತು ಬಂದೊಡನೆ ಡಾಲ್‌ಹೌಸಿ ಎಂದು ಬರೆಯುವುದು ನಮ್ಮ ಮಕ್ಕಳಿಗೆ ಅಭ್ಯಾಸ. ಆದರೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನ ದತ್ತಕವನ್ನು ಒಪ್ಪದೆ ಹೋದದ್ದು, ರಾಣಿ ಚೆನ್ನಮ್ಮನ ಪಡೆಯೊಡನೆ ನಡೆದ ಕಾದಾಟದಲ್ಲಿ ಅವನು ಹತನಾದದ್ದು 1824ರಲ್ಲಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ನಡುವೆ 24 ವರ್ಷಗಳು. ಹಾಗಾದರೆ ಆ ನೀತಿಯು ಒಬ್ಬ ವ್ಯಕ್ತಿಯ ತಲೆಯಲ್ಲಿ ಒಂದು ದಿನ ಹುಟ್ಟಿದ್ದಲ್ಲ, ಕಂಪನಿಯ ಆಶೆಯಲ್ಲಿ ಮೊದಲೇ ಬೇರೂರಿತ್ತು ಎಂಬುದು ಎರಡು ಇಸವಿಗಳನ್ನು ಒತ್ತಟ್ಟಿಗೆ ಇಟ್ಟ ಮಾತ್ರಕ್ಕೆ ಸ್ಪಷ್ಟವಾಗುತ್ತದೆ. ಇದನ್ನು ಕಂಡುಕೊಂಡ ಮಗುವು ಆ ಎರಡು ಇಸವಿಗಳನ್ನು ಮರೆಯುವುದು ಕಷ್ಟ.

ಕರ್ನಾಟಕದಲ್ಲಿ ಬ್ರಿಟಿಷ್ ಆಳ್ವಿಕೆಗೆ ನಡೆದ ಪ್ರತಿರೋಧಗಳ ಪಾಠದಲ್ಲಿ ವಿದ್ಯಾರ್ಥಿಗಳು ಒಂದರ ಉತ್ತರವನ್ನು ಇನ್ನೊಂದಕ್ಕೆ ಬೆರೆಸುವುದು ಸರ್ವೇಸಾಮಾನ್ಯ. ಇಲ್ಲಿಯೂ ಕಾರಣವನ್ನು ಹಿಡಿದರೆ ಗೊಂದಲ ತೊಲಗುತ್ತದೆ. ಕಿತ್ತೂರಿನಲ್ಲಿ ಕಂಪನಿಯು ಕೈಯಿಟ್ಟದ್ದು ಉತ್ತರಾಧಿಕಾರದ ಮೇಲೆ. ನಗರದ ಸೀಮೆಯಲ್ಲಿ ರೈತನನ್ನು ಕೆರಳಿಸಿದ್ದು ಕಂದಾಯ. 1857ರಲ್ಲಿ ಹಲಗಲಿಯ ಬೇಡರು ಎದ್ದು ನಿಂತದ್ದು ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧ. ಪಟ್ಟ, ಪೈರು, ಆಯುಧ – ಮೂರು ಊರುಗಳು, ಮೂರು ಗಾಯಗಳು. ಪ್ರತಿಯೊಂದಕ್ಕೂ ವಿದ್ಯಾರ್ಥಿಯು ತನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಕಂಪನಿಯು ಏನನ್ನು ಬಯಸಿತು? ಅದರಿಂದ ಯಾರು ಏನನ್ನು ಕಳೆದುಕೊಂಡರು? ಆಮೇಲೆ ಏನಾಯಿತು? ನಾಲ್ಕು ಅಂಕದ ಉತ್ತರಕ್ಕೆ ಬೇಕಾದ ಅಂಶಗಳು ಇವುಗಳಲ್ಲಿಯೇ ಅಡಗಿವೆ.

ನಮ್ಮ ಶಾಲೆಗಳ ಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಆಧುನಿಕ ಶಿಕ್ಷಣದ ಪರಿಣಾಮಗಳನ್ನು ವಿವರಿಸಿರಿ ಎಂಬ ಪ್ರಶ್ನೆಗೆ 1835ರ ಮೆಕಾಲೆಯ ವರದಿಯಿಂದ ಉತ್ತರವು ಆರಂಭವಾಗುತ್ತದೆ. ಆದರೆ ಅದೇ ಶಿಕ್ಷಣವನ್ನು ಪಡೆದು, ಮುಂಬಯಿಯಲ್ಲಿ ಕಾನೂನು ಓದಿ, ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಹುಡುಕಿ, ನಕಲಿಸಿ, 1923ರಲ್ಲಿ ವಚನ ಶಾಸ್ತ್ರ ಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಗುಮಾಸ್ತರನ್ನು ತಯಾರಿಸಲೆಂದು ಬಂದ ವಿದ್ಯೆಯು ಹನ್ನೆರಡನೆಯ ಶತಮಾನದ ಅರಿವನ್ನು ಮುದ್ರಣಕ್ಕೆ ತಂದಿತು. ದಾವಣಗೆರೆಯಲ್ಲಿ ಹರ್ಡೇಕರ್ ಮಂಜಪ್ಪನವರು 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ತೊಡಗಿದ್ದೂ ಈ ಆಧುನಿಕ ಇತಿಹಾಸದ ಭಾಗವೇ. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದು ಹಳ್ಳಿಯ ಮಕ್ಕಳನ್ನು ಇಂಗ್ಲಿಷ್ ಶಾಲೆಗಳ ಬಾಗಿಲಿಗೆ ತಂದು ನಿಲ್ಲಿಸಿದ್ದೂ ಹಾಗೆಯೇ. ತಾನು ಕುಳಿತ ಬೆಂಚೇ ಆ ಪ್ರಶ್ನೆಗೆ ಉತ್ತರವೆಂಬುದು ವಿದ್ಯಾರ್ಥಿಗೆ ತಿಳಿದಿರಬೇಡವೇ?

ಈಗ ಕ್ರಮದ ಮಾತು. ಅಧ್ಯಾಪಕ ಮಿತ್ರರು ಕ್ಷಮಿಸಬೇಕು. ನಾನು ಹೇಳಹೊರಟಿರುವುದು ಅವರಿಗೆ ಹೊಸದಲ್ಲ.

ಮೊದಲನೆಯದಾಗಿ, ಪುಸ್ತಕವನ್ನು ತೆರೆದು ಹತ್ತು ಸಲ ಓದುವುದಕ್ಕಿಂತ ಎರಡು ಸಲ ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆಯುವುದು ಮೇಲು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು 1885ರಲ್ಲಿಯೇ ಮರೆವಿನ ಗತಿಯನ್ನು ಅಳೆದು, ಕಲಿತದ್ದರ ಹೆಚ್ಚಿನ ಪಾಲು ಮೊದಲ ದಿನಗಳಲ್ಲಿಯೇ ಜಾರಿಹೋಗುವುದೆಂದು ತೋರಿಸಿದನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಓದಿದ ಐದು ನಿಮಿಷಗಳಲ್ಲೇ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಅವರನ್ನು ಹಿಂದೆ ಹಾಕಿದ್ದರು. ಬಾಯಿಪಾಠವು ರಾತ್ರಿ ಧೈರ್ಯ ಕೊಟ್ಟು ಬೆಳಿಗ್ಗೆ ಕೈಬಿಡುವುದು ಏಕೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದಾಗಿ, ಮೊದಲು ಅನುಕ್ರಮ, ಆಮೇಲೆ ಇಸವಿ. ಹತ್ತು ಘಟನೆಗಳನ್ನು ಹತ್ತು ಚೀಟಿಗಳಲ್ಲಿ ಬರೆದು, ಕಲಸಿ, ಯಾವುದು ಯಾವುದಕ್ಕೆ ಕಾರಣವೆಂದು ಮಕ್ಕಳೇ ಜೋಡಿಸಲಿ. ಸರಪಳಿಯು ಕೂಡಿದ ಮೇಲೆ ಇಸವಿಗಳನ್ನು ಅದಕ್ಕೆ ಪೋಣಿಸಲಿ.

ಮೂರನೆಯದಾಗಿ, ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡಲಿ. ಗುಂಪು ಅಧ್ಯಯನವೆಂದರೆ ಗುಂಪಾಗಿ ಕುಳಿತು ಮೌನವಾಗಿ ಗೈಡು ಓದುವುದಲ್ಲ. ಅನುಭವ ಮಂಟಪದ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಪ್ರಶ್ನೆಗೆ ಅಂಜಬಾರದು. ಮುಂದಿರುವ ವಿದ್ಯಾರ್ಥಿಯು ಹಿಂದುಳಿದವನಿಗೆ ಹೇಳಿಕೊಡುವಾಗ ಇಬ್ಬರಿಗೂ ಲಾಭ, ಪಂಕ್ತಿಯೂ ಒಂದಾಗುತ್ತದೆ.

ನಾಲ್ಕನೆಯದಾಗಿ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪುನರಾವರ್ತನೆಯ ಕೊನೆಗೆ ಬರಲಿ, ಆರಂಭಕ್ಕಲ್ಲ. ಅವು ಅಳತೆಗೋಲುಗಳು, ಅಳತೆಗೋಲನ್ನೇ ಉಣಬಡಿಸಲಾಗದು.

ಇದಕ್ಕೆ ಬರಬಹುದಾದ ಆಕ್ಷೇಪಣೆಯನ್ನು ನಾನು ಬಲ್ಲೆ. ಓದಲು ಬರೆಯಲು ತಡವರಿಸುವ, ಮನೆಮಾತು ಬೇರೆಯಾದ, ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಕ್ಕಳನ್ನು ಮೂರು ವಾರಗಳಲ್ಲಿ ದಡ ಸೇರಿಸಬೇಕಾದ ಅಧ್ಯಾಪಕರು ಚೀಟಿಗಳನ್ನು ಜೋಡಿಸುತ್ತ ಕೂರಲಾದೀತೇ ಎಂದು ಕೇಳಬಹುದು. ಮುಳುಗುತ್ತಿರುವವನಿಗೆ ಕೈಗೆಟುಕುವ ಹಗ್ಗವನ್ನು ಎಸೆಯಲೇಬೇಕು. ಅಂಥವರಿಗೆ ಕೊನೆಯ ಎರಡು ವಾರ ಚಿಕ್ಕ ಪಟ್ಟಿಯೊಂದನ್ನು ಕೊಡುವುದು ದಯೆಯೇ ಸರಿ. ನನ್ನ ಆಕ್ಷೇಪವಿರುವುದು ಹಗ್ಗದ ಬಗೆಗಲ್ಲ. ಡಿಸೆಂಬರಿನಲ್ಲಿಯೇ, ಈಜು ಕಲಿಸಬಹುದಾದ ಮಕ್ಕಳನ್ನೂ ದಡದ ಮೇಲೆ ಕುಳ್ಳಿರಿಸಿ ಹಗ್ಗವನ್ನು ಹಿಡಿಯುವುದನ್ನಷ್ಟೇ ಕಲಿಸುತ್ತೇವಲ್ಲ, ಅದರ ಬಗೆಗೆ. ಯಾರು ತಡವರಿಸುತ್ತಾರೋ ಅವರಿಗೇ ಕಥೆಯ ಎಳೆಯು ಹೆಚ್ಚು ಬೇಕು. ಅರ್ಥವಿಲ್ಲದ ಪದಗಳ ಪಟ್ಟಿಯನ್ನು ನೆನಪಿಡುವುದು ಬುದ್ಧಿವಂತನಿಗೇ ಕಷ್ಟ. ದುರ್ಬಲನ ಮೇಲೆ ಆ ಹೊರೆಯನ್ನು ಹೊರಿಸುವುದು ಸುಲಭ ಮಾರ್ಗವೆಂದು ನಾವು ಭಾವಿಸಿರುವುದು ವಿಚಿತ್ರ.

ಕೊನೆಯದಾಗಿ ದಾನಿಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ತಾವು ಕೊಠಡಿಗಳನ್ನು ಕಟ್ಟಿಸಿದ್ದೀರಿ, ಗಣಕಯಂತ್ರಗಳನ್ನು ಕೊಡಿಸಿದ್ದೀರಿ, ಹೆಚ್ಚು ಅಂಕ ಪಡೆದವರಿಗೆ ಪಾರಿತೋಷಕಗಳನ್ನು ಕೊಡುತ್ತಿದ್ದೀರಿ. ಇವೆಲ್ಲ ಸ್ತುತ್ಯ. ಇವುಗಳ ಜೊತೆಗೆ ಇನ್ನೊಂದು ಚಿಕ್ಕ ದಾಸೋಹವನ್ನು ನಡೆಸಿಕೊಡಬಾರದೇ? ಜನವರಿಯ ಒಂದು ಭಾನುವಾರ ಹತ್ತನೆಯ ತರಗತಿಯ ಮಕ್ಕಳೆಲ್ಲರನ್ನೂ, ಗುಂಪು ಒಡೆಯದೆ, ಕೃಷ್ಣರಾಜಪುರದಲ್ಲಿ ಮೆಟ್ರೋ ಹತ್ತಿಸಿ ಹಲಸೂರಿನಲ್ಲಿ ಇಳಿಸಿರಿ. ಕೆರೆಯ ಬಳಿಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ನೆಲೆಯನ್ನು ಹೊರಗಿನಿಂದ ನೋಡಲಿ. ದಂಡಿನ ಸೈನಿಕರಿಗಾಗಿ ಕಟ್ಟಿದ ಟ್ರಿನಿಟಿ ಚರ್ಚನ್ನು ನೋಡಲಿ. ಒಂದು ಕಾಲಕ್ಕೆ ಸೌತ್ ಪೆರೇಡ್ ಆಗಿದ್ದ ರಸ್ತೆಯಲ್ಲಿ ನಡೆಯಲಿ. ಕೊನೆಗೆ ದಂಡು ನಿಲ್ದಾಣದ ಹೆಸರಿನ ಹಲಗೆಯ ಮುಂದೆ ನಿಲ್ಲಲಿ. ದೂರವಾಣಿ ನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮ ಹಳೆಯ ವಿದ್ಯಾರ್ಥಿಗಳ ಕುಟುಂಬಗಳಲ್ಲಿ ಇದ್ದೇ ಇರುತ್ತಾರೆ. ಅವರು ಒಂದು ಸಂಜೆ ಬಂದು ತಮ್ಮ ಕಾಲದ ಕಥೆಯನ್ನು ಹೇಳಲಿ. ಸಂಜೆಯ ಓದಿಗೆ ಕುಳಿತ ಮಕ್ಕಳಿಗೆ ಒಂದು ಲೋಟ ಹಾಲು, ಒಂದು ಬಟ್ಟಲು ಉಪ್ಪಿಟ್ಟು ದೊರೆಯಲಿ. ಮುಂದೆ ಶಾಲೆಗೆ ಬಂದಾಗ ಶೇಕಡಾ ಎಷ್ಟೆಂದು ಕೇಳುವುದರ ಜೊತೆಗೆ ಒಂದು ಮಗುವನ್ನು ಕರೆದು, ಅದು ಓದಿದ ಪಾಠಕ್ಕೂ ಅದರ ಬೀದಿಗೂ ಏನು ಸಂಬಂಧವೆಂದು ಕೇಳಿರಿ. ಅಧ್ಯಾಪಕರ ಬೆನ್ನ ಮೇಲಿನ ಭಾರವು ಅಷ್ಟರಿಂದಲೇ ಅರ್ಧ ಇಳಿಯುತ್ತದೆ.

ನನ್ನ ಬಳಿ ಓದುತ್ತಿದ್ದ ಬಾಲಕನು ಕೊನೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸಹಾಯಕ ಸೈನ್ಯ ಪದ್ಧತಿಯ ಉತ್ತರದ ಕೆಳಗೆ ತಾನಾಗಿಯೇ ಒಂದು ಸಾಲು ಬರೆದಿದ್ದನು – ಬೆಂಗಳೂರಿನ ದಂಡು ಇದಕ್ಕೆ ಉದಾಹರಣೆ ಎಂದು. ಆ ಸಾಲಿಗೆ ಅಂಕವಿರಲಿಲ್ಲ. ಮಾದರಿ ಉತ್ತರದಲ್ಲಿ ಅದು ಇರಲಿಲ್ಲವಾದುದರಿಂದ ಇರಲು ಸಾಧ್ಯವೂ ಇರಲಿಲ್ಲ. ಪತ್ರಿಕೆಯನ್ನು ನನಗೆ ತೋರಿಸುವಾಗ ಅವನು ಬೆರಳಿಟ್ಟದ್ದು ಅಂಕದ ಮೇಲಲ್ಲ, ಆ ಸಾಲಿನ ಮೇಲೆ. ಅಂಥ ಒಂದು ಸಾಲನ್ನು ಪ್ರತಿಯೊಂದು ಮಗುವೂ ಬರೆಯುವಂತಾಗಲಿ. ಅದಕ್ಕೆ ಅಂಕ ಕೊಡುವ ಹೊಣೆ ಪರೀಕ್ಷಾ ಮಂಡಳಿಯದಲ್ಲ, ನಮ್ಮದು. ಆ ಹೊಣೆಯನ್ನು ಹೊರುವ ಶಕ್ತಿಯನ್ನು ಗುರುಬಸವಣ್ಣನವರು ನಮಗೆಲ್ಲರಿಗೂ ಕರುಣಿಸಲೆಂದು ಹಾರೈಸಿ ವಿರಮಿಸುತ್ತೇನೆ. ಶರಣು.